ನಿಂಬೆ ಗಿಡದ ಪಿಕಳಾರ

ಮೊನ್ನೆ ಹೊಸಕೋಟೆಯ ಬಸ್ ಸ್ಟ್ಯಾಂಡಿನ ಎದುರು ಒಂದು ಸ್ಟುಡಿಯೋದಲ್ಲಿ ಮಗಳ ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನು ತೆಗೆದುಕೊಂಡು ಕವರಿನ ಬಾಯಿ ಬಿಡಿಸಿದಾಗ ಆ ವಾಸನೆ ಬಂತು. ಹೊಸ ಫೋಟೋದ್ದು, ಸ್ವಲ್ಪ ಹುಳಿ, ಸ್ವಲ್ಪ ಔಷಧದ ಹಾಗೆ. ಈಗಿನ ಫೋಟೋಗಳಿಗೆ ಅಷ್ಟೊಂದು ವಾಸನೆ ಇರುವುದಿಲ್ಲ, ಇದ್ದಷ್ಟೇ ಸಾಕಾಯಿತು. ಅಲ್ಲೇ ಕೌಂಟರಿಗೆ ಒರಗಿ ನಿಂತುಬಿಟ್ಟೆ. ಜಡಿಗೇನಹಳ್ಳಿಯ ನಮ್ಮ ಮನೆಯ ಪಡಸಾಲೆಗೆ ಭಾನುವಾರ ಬೆಳಿಗ್ಗೆ ಬರುತ್ತಿದ್ದದ್ದು ಇದೇ ವಾಸನೆ. ಅದರ ಜೊತೆಗೆ ಪಕ್ಕದ ಹುಳುಮನೆಯಿಂದ ಹಸಿ ಹಿಪ್ಪುನೇರಳೆ ಸೊಪ್ಪಿನ ತಣ್ಣನೆಯ ವಾಸನೆ, ಸಾವಿರಾರು ರೇಷ್ಮೆಹುಳು ಒಟ್ಟಿಗೆ ಸೊಪ್ಪು ತಿನ್ನುವಾಗ ಏಳುವ ತುಂತುರು ಮಳೆಯಂಥ ಸದ್ದು. ಆ ಸದ್ದಿನೊಳಗೆ ಕೂತು ನಾವು ಹಕ್ಕಿಗಳ ಫೋಟೋ ನೋಡುತ್ತಿದ್ದೆವು.

ಫೋಟೋ ನಮ್ಮ ದೊಡ್ಡಪ್ಪನವು. ಅವನ ಹೆಸರು ಮುನಿರಾಜು, ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಮಿಷನ್ ಆಪರೇಟರ್. ದಿನವಿಡೀ ಕಬ್ಬಿಣದ ಸದ್ದಿನಲ್ಲಿ ನಿಲ್ಲುವವನಿಗೆ ಸದ್ದೇ ಇಲ್ಲದ ಕೆಲಸವೊಂದು ಬೇಕಾಗಿತ್ತೋ ಏನೋ, ಯಾರೋ ಬಳಸಿ ಬಿಟ್ಟಿದ್ದ ಒಂದು ರೀಲು ಕ್ಯಾಮೆರಾ, ಉದ್ದನೆಯ ಒಂದು ಲೆನ್ಸು ಸಂಪಾದಿಸಿಕೊಂಡಿದ್ದ. ಕೆರೆಯ ಏರಿ, ಹುಣಸೆ ತೋಪು, ನಮ್ಮದೇ ಹಿತ್ತಲು, ಇಷ್ಟೇ ಅವನ ಕಾಡು. ಒಂದು ರೀಲು ಮುಗಿಯಲು ತಿಂಗಳಾಗುತ್ತಿತ್ತು. ಮುಗಿದ ಮೇಲೆ ಒಂದು ಶನಿವಾರ ಶಿಫ್ಟು ಬಿಟ್ಟು ಬರುವಾಗ ಪ್ರಿಂಟು ತರುತ್ತಿದ್ದ. ಆದರೆ ಕವರನ್ನು ಅವತ್ತು ಬಿಚ್ಚುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಹುಳುವಿಗೆ ಸೊಪ್ಪು ಹಾಕಿದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ, ಮೂವತ್ತಾರನ್ನೂ ಸಾಲಾಗಿ ಜೋಡಿಸಿ, ಮನೆಯವರನ್ನೆಲ್ಲ ಕರೆಯುತ್ತಿದ್ದ. ನನಗೆ ಏಳು ವರ್ಷವಿದ್ದಾಗ ಮೊದಲ ಬಾರಿ ಆ ಚಾಪೆಯ ಅಂಚಿನಲ್ಲಿ ಕೂತು, ಒಂದು ಮಿಂಚುಳ್ಳಿ ನೋಡಿ ಚೆನ್ನಾಗಿದೆ ಅಂದೆ. ದೊಡ್ಡಪ್ಪ ನಗಲಿಲ್ಲ. "ಚೆನ್ನಾಗಿದೆ ಅಂದ್ರೆ ನಾನೇನ್ ತಿಳ್ಕೊಳ್ಲಿ ಪುಟ್ಟಿ? ನಿಂಗೆ ಏನ್ ಕಾಣಿಸ್ತು ಅದ್ ಹೇಳು" ಅಂದ. ನಾನು ಬಹಳ ಹೊತ್ತು ನೋಡಿ, ಅದರ ಕೊಕ್ಕಿನ ತುದಿಯಲ್ಲಿ ಒಂದು ಹನಿ ನೀರಿದೆ ಅಂದೆ. ಅವನು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ. ಆ ಹನಿ ಅವನಿಗೂ ಅಲ್ಲಿಯವರೆಗೆ ಕಂಡಿರಲಿಲ್ಲ. ಆ ದಿನ ಮನೆಯ ದೊಡ್ಡವರ ಸಾಲಿಗೆ ನಾನೂ ಸೇರಿದೆ ಅನ್ನಿಸಿತ್ತು.

ನನಗೆ ಹನ್ನೆರಡು ವರ್ಷವಾದಾಗ ದೊಡ್ಡಪ್ಪ ಪ್ರತಿ ರೀಲಿನಲ್ಲಿ ಎರಡು ಫೋಟೋ ನನ್ನ ಪಾಲಿಗೆ ಬಿಟ್ಟುಕೊಟ್ಟ. ನನ್ನ ಮೊದಲನೆಯದು ಒಂದು ಅಳಿಲು; ಅರ್ಧ ಬಾಲ ಫೋಟೋದ ಆಚೆಗೇ ಉಳಿದುಹೋಗಿತ್ತು. ನಮ್ಮಪ್ಪ ನೋಡಿ, ಬಾಲ ಯಾರು ಕತ್ತರಿಸಿಕೊಂಡು ಹೋದರು ಎಂದು ತಮಾಷೆ ಮಾಡಿದ. ನನಗೆ ಅಳು ಬಂತು. ದೊಡ್ಡಪ್ಪ ಫೋಟೋ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ಅಳಿಲು ನಿನ್ನನ್ನು ನೋಡುತ್ತಾ ಇದೆ, ಆದರೂ ಓಡಿಲ್ಲ, ಅಷ್ಟು ಹತ್ತಿರ ಹೇಗೆ ಹೋದೆ ಎಂದು ನಿಜವಾಗಿ ತಿಳಿಯಬೇಕೆಂಬಂತೆ ಕೇಳಿದ. ತೆವಳಿಕೊಂಡು ಹೋದೆ ಅಂದೆ. ಮುಂದಿನ ಸಲವೂ ಹಾಗೇ ಹೋಗು, ಹೋದ ಮೇಲೆ ಬಾಲಕ್ಕೊಂದಿಷ್ಟು ಜಾಗ ಬಿಡು, ಅಷ್ಟೇ ಅಂದ. ಆಮೇಲೆ ಅಪ್ಪನ ಕಡೆ ತಿರುಗಿ, "ತಪ್ಪು ಹೇಳೋನು ದಾರೀನೂ ಹೇಳ್ಬೇಕು ಕಣೋ" ಅಂದ. ಅಪ್ಪ ಮತ್ತೆ ಯಾವತ್ತೂ ಚಾಪೆಯ ಮುಂದೆ ತಮಾಷೆ ಮಾಡಲಿಲ್ಲ.

ಆದರೆ ಆ ಚಾಪೆಯ ಮುಂದೆ ಎಲ್ಲರಿಗಿಂತ ಚೆನ್ನಾಗಿ ನೋಡಬಲ್ಲವಳು ದೊಡ್ಡಮ್ಮ. ರತ್ನಮ್ಮ ಅವಳ ಹೆಸರು, ಮುಳಬಾಗಿಲು ಕಡೆಯವಳು. ಕ್ಯಾಮೆರಾವನ್ನು ಒಂದು ದಿನವೂ ಕೈಯಲ್ಲಿ ಹಿಡಿದವಳಲ್ಲ. ಹುಳುಮನೆ ಅವಳದು. ಹುಳು ಜ್ವರಕ್ಕೆ ಬೀಳುವುದನ್ನು, ಅಂದರೆ ಪೊರೆ ಕಳಚಲು ಸೊಪ್ಪು ಬಿಟ್ಟು ಮಲಗುವುದನ್ನು, ಒಂದು ದಿನ ಮೊದಲೇ ಕಂಡುಹಿಡಿಯುತ್ತಿದ್ದಳು. ಹುಳುವನ್ನು ನೋಡಿದ ಕಣ್ಣಿನಲ್ಲೇ ಹಕ್ಕಿಯನ್ನೂ ನೋಡುತ್ತಿದ್ದಳು. ಒಂದು ಸಲ ಕೊಕ್ಕರೆಯೊಂದರ ಫೋಟೋ ನೋಡಿ, ಇದು ಮೀನು ಕಾಯುತ್ತಿಲ್ಲ, ನಿಮ್ಮನ್ನು ಕಾಯುತ್ತಿದೆ, ಯಾವಾಗ ಎದ್ದು ಹೋಗುತ್ತೀರೋ ಅಂತ ಎಂದಿದ್ದಳು. ದೊಡ್ಡಪ್ಪ ಅದನ್ನು ಫ್ಯಾಕ್ಟರಿಯವರಿಗೆಲ್ಲ ಹೇಳಿಕೊಂಡು ಹೆಮ್ಮೆಪಟ್ಟಿದ್ದ.

ಒಂದು ಬೇಸಿಗೆಯಲ್ಲಿ ದೊಡ್ಡಮ್ಮ ತಂಗಿಯ ಮಗಳ ಬಾಣಂತನಕ್ಕೆಂದು ಎರಡು ತಿಂಗಳು ತವರಿಗೆ ಹೋದಳು. ಅವಳು ಹೋದ ವಾರದಲ್ಲೇ ಬಾವಿ ಪಕ್ಕದ ನಿಂಬೆ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ದೊಡ್ಡಪ್ಪ ತೆಗೆದ ಆ ಫೋಟೋ ಈಗಲೂ ನನ್ನ ಕಣ್ಣ ಮುಂದಿದೆ: ಮೂರು ಮರಿಗಳು, ಕೆಂಪಗೆ ಅಗಲವಾಗಿ ತೆರೆದ ಮೂರು ಬಾಯಿ, ಮೈಮೇಲೆ ಚಿನ್ನದಂಥ ಬಿಸಿಲು. ಬೆಂಗಳೂರಿನ ಯಾವುದೋ ಹವ್ಯಾಸಿಗಳ ಸಂಘದ ಸ್ಪರ್ಧೆಗೆ ಕಳಿಸಿದ. ಎರಡನೆಯ ಬಹುಮಾನ ಬಂತು. ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಪ್ರಶಸ್ತಿ ಪತ್ರದ ಪಕ್ಕದಲ್ಲಿ ಪಡಸಾಲೆಯ ಗೋಡೆಗೆ ತೂಗುಹಾಕಿದೆವು. ದೊಡ್ಡಮ್ಮ ವಾಪಸು ಬಂದ ಭಾನುವಾರ ಫ್ಯಾಕ್ಟರಿಯ ಗೆಳೆಯರು ನಾಲ್ಕೈದು ಜನ ಊಟಕ್ಕೆ ಬಂದಿದ್ದರು. ಎಲ್ಲರೂ ಅವಳ ಮುಖ ನೋಡುತ್ತಾ ನಿಂತೆವು. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಫೋಟೋದ ಹತ್ತಿರ ಹೋದಳು. ಮರಿಗಳ ಕಣ್ಣು ಇನ್ನೂ ಬಿಟ್ಟಿಲ್ಲ, ಹಸಿವು ಮಾತ್ರ ಗೊತ್ತು, ಅದು ಎಷ್ಟು ಚೆನ್ನಾಗಿ ಬಂದಿದೆ ಅಂದಳು. ದೊಡ್ಡಪ್ಪನ ಮುಖ ಅರಳಿತು. ಅವಳು ಇನ್ನೂ ನೋಡುತ್ತಲೇ ಇದ್ದಳು.

"ಇದು ಬಾವಿ ಪಕ್ಕದ ನಿಂಬೆ ಗಿಡ ಅಲ್ವಾ? ಅಲ್ಲಿ ಇಷ್ಟು ಬಿಸ್ಲು ಬೀಳ್ತಿರ್ಲಿಲ್ಲ."

ದೊಡ್ಡಪ್ಪ, ಎರಡು ರೆಂಬೆ ತೆಗೆದೆ, ಅಡ್ಡ ಬರುತ್ತಿದ್ದವು ಅಂದ. ಮರಿಗಳು ಏನಾದವು ಎಂದು ಅವಳು ಕೇಳಿದಳು. ಮೂರನೆಯ ದಿನ ಗೂಡು ಖಾಲಿಯಾಗಿತ್ತು, ಕೆಂಬೂತ ತಿಂದಿರಬೇಕು ಎಂದು ಅವನು ನೆಲ ನೋಡುತ್ತಾ ಹೇಳಿದ. ಈ ವಿಷಯ ನಮಗ್ಯಾರಿಗೂ ಗೊತ್ತಿರಲಿಲ್ಲ. ದೊಡ್ಡಮ್ಮ ದನಿ ಏರಿಸಲಿಲ್ಲ. "ಫೋಟೋದಲ್ಲಿ ತಪ್ಪಿಲ್ಲ. ತೆಗ್ದಿದ್ರಲ್ಲಿ ತಪ್ಪಿದೆ. ಮುಂದಿನ್ ಸಲ ರೆಂಬೆ ಇರ್ಲಿ, ನೀವು ಕಾಯಿರಿ" ಎಂದಷ್ಟೇ ಹೇಳಿ ಊಟ ಬಡಿಸಲು ಒಳಗೆ ಹೋದಳು.

ಅವತ್ತು ದೊಡ್ಡಪ್ಪ ಸರಿಯಾಗಿ ಊಟ ಮಾಡಲಿಲ್ಲ. ಗೆಳೆಯರು ಹೋದ ಮೇಲೆ ಗೋಡೆಯಿಂದ ಎರಡನ್ನೂ ಇಳಿಸಿದ. ಮಾರನೆಯ ದಿನ ಸಂಘದವರಿಗೆ ಕಾಗದ ಬರೆದ: ಫೋಟೋಗಾಗಿ ಗೂಡಿನ ಮರೆ ಕತ್ತರಿಸಿದ್ದೇನೆ, ಮರಿಗಳು ಉಳಿಯಲಿಲ್ಲ, ಈ ಬಹುಮಾನ ನನಗೆ ಸಲ್ಲುವುದಲ್ಲ. ಯಾರಿಗೆ ಗೊತ್ತಾಗುತ್ತದೆ, ಸುಮ್ಮನಿರು ಎಂದು ಅಪ್ಪ ಎಷ್ಟೋ ಹೇಳಿದ. "ರತ್ನಂಗೆ ಗೊತ್ತಾಯ್ತಲ್ಲೋ" ಅಂದ ದೊಡ್ಡಪ್ಪ. ಪ್ರಶಸ್ತಿ ಪತ್ರವನ್ನು ಅದೇ ಕವರಿನಲ್ಲಿಟ್ಟು ಕಳಿಸಿಬಿಟ್ಟ. ಉತ್ತರವೇನೂ ಬರಲಿಲ್ಲ. ಬಹಳ ತಿಂಗಳು ಕ್ಯಾಮೆರಾ ಬೀರುವಿನೊಳಗೇ ಇತ್ತು, ಭಾನುವಾರಗಳು ಬರಿದಾಗಿದ್ದವು. ತನ್ನ ತಪ್ಪನ್ನು ಹೀಗೆ ಹೊರಗೆ ತಂದಿಟ್ಟ ಗಂಡಸನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ. ನಿಮ್ಮ ಮನೆಯಲ್ಲಿ ಅಂಥವರೊಬ್ಬರು ಇದ್ದಿದ್ದರೆ, ಅವರು ಹೋದ ಮೇಲೆ ಮನೆ ಎಷ್ಟು ಖಾಲಿಯಾಗುತ್ತದೆ ಅನ್ನುವುದು ನಿಮಗೆ ಗೊತ್ತು.

ಮರುವರ್ಷ ಪಿಕಳಾರ ಹುಳುಮನೆಯ ಹಿಂದಿನ ದಾಸವಾಳದಲ್ಲಿ ಗೂಡು ಕಟ್ಟಿತು. ಅದನ್ನು ದೊಡ್ಡಪ್ಪನಿಗೆ ಹೇಳಿದವಳು ದೊಡ್ಡಮ್ಮನೇ. ಹುಳುಮನೆಗೆ ಯಾರನ್ನೂ ಸುಮ್ಮನೆ ಬಿಡದವಳು, ಅಲ್ಲಿನ ಕಿಟಕಿಯ ಪಕ್ಕ ಅವನಿಗೊಂದು ಮಣೆ ಹಾಕಿಕೊಟ್ಟಳು. ಶಿಫ್ಟಿಗೆ ಹೋಗುವ ಮುಂಚೆ ದಿನಾ ಒಂದು ಗಂಟೆ ಕೂತ. ಹಕ್ಕಿಗೆ ಅವನು ಗೋಡೆಯ ಹಾಗೆ ಆಗುವವರೆಗೂ ಕೂತ. ಕೊನೆಗೆ ಬಂದ ಫೋಟೋದಲ್ಲಿ ಅರ್ಧಕ್ಕರ್ಧ ಎಲೆ; ಎಲೆಯ ಸಂದಿಯಲ್ಲಿ ತಾಯಿಯ ಬೆನ್ನು, ಕಪ್ಪು ಜುಟ್ಟು, ಅದರ ಕೆಳಗೆ ಒಂದೇ ಒಂದು ಪುಟ್ಟ ಕೊಕ್ಕು. ಚಾಪೆಯ ಮೇಲಿಟ್ಟಾಗ ದೊಡ್ಡಮ್ಮ ಅದನ್ನು ಮಡಿಲಿಗೆ ತೆಗೆದುಕೊಂಡಳು. "ಈಗ ಅದು ಅದರ ಮನೇಲಿದೆ" ಅಂದಳು. ದೊಡ್ಡಪ್ಪ ಆ ಫೋಟೋವನ್ನು ಯಾವ ಸ್ಪರ್ಧೆಗೂ ಕಳಿಸಲಿಲ್ಲ. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಅವನು ತೆಗೆದವೆಲ್ಲ ಹಾಗೇ ಇದ್ದವು, ಹಕ್ಕಿಗೆ ತಾನು ಸಿಕ್ಕಿಬಿದ್ದೆ ಎಂದೇ ಗೊತ್ತಾಗದ ಫೋಟೋಗಳು.

ದೊಡ್ಡಪ್ಪ ತೀರಿಕೊಂಡ ಮೇಲೆ, ತಿಥಿಯ ಮಧ್ಯಾಹ್ನ, ದೊಡ್ಡಮ್ಮ ಎಲ್ಲ ಫೋಟೋಗಳನ್ನು ಚಾಪೆಯ ಮೇಲೆ ಹರಡಿದಳು. ಬಂದವರು ಬೇಕಾದ್ದನ್ನು ಒಯ್ಯಬಹುದು, ಆದರೆ ಅದರಲ್ಲಿ ಏನು ಕಾಣಿಸಿತು ಅಂತ ಹೇಳಿ ಒಯ್ಯಬೇಕು ಅಂದಳು. ಜನ ಮೊದಲು ನಾಚಿಕೊಂಡರು, ಆಮೇಲೆ ಒಬ್ಬೊಬ್ಬರಾಗಿ ಬಗ್ಗಿ ನೋಡತೊಡಗಿದರು. ಮಾತೇ ಆಡದ ಫ್ಯಾಕ್ಟರಿಯ ಗೆಳೆಯರೊಬ್ಬರು ನೆಂದ ಕಾಗೆಯೊಂದನ್ನು ಎತ್ತಿಕೊಂಡು, ಇದು ಚಳಿಗೆ ನಡುಗುತ್ತಿದೆ, ಅದಕ್ಕೆ ಮುನಿರಾಜು ಬೇಗ ತೆಗೆದು ಬಂದುಬಿಟ್ಟಿದ್ದಾನೆ ಅಂದರು. ಸಂಜೆಯ ಹೊತ್ತಿಗೆ ಚಾಪೆ ಖಾಲಿಯಾಯಿತು. ಎಲ್ಲರೂ ಹೋದ ಮೇಲೆ ನಾವಿಬ್ಬರೇ ಉಳಿದಾಗ ದೊಡ್ಡಮ್ಮ ಇದ್ದಕ್ಕಿದ್ದ ಹಾಗೆ ಕೇಳಿದಳು.

"ಅವತ್ತು ಅಷ್ಟು ಜನದ್ ಮುಂದೆ ನಾನು ಹೇಳ್ಬಾರ್ದಿತ್ತು ಅಲ್ವಾ ಪುಟ್ಟಿ?"

ಯಾವತ್ತು ಎಂದು ನಾನು ಕೇಳಬೇಕಾಗಿರಲಿಲ್ಲ. ನೀನು ಹೇಳಿದ್ದಕ್ಕೇ ಆಮೇಲಿನ ಫೋಟೋಗಳೆಲ್ಲ ಹಾಗೆ ಬಂದವು ದೊಡ್ಡಮ್ಮ ಅಂದೆ. ಅವಳು ಚಾಪೆ ಸುತ್ತಿ ಗೋಡೆಗೆ ನಿಲ್ಲಿಸಿದಳು.

"ಒಬ್ರೇ ಇದ್ದಾಗ ಹೇಳಿದ್ರೂ ಬರ್ತಿದ್ವು" ಅಂದಳು.

ಆ ಮನೆಯ ಜಾಗದಲ್ಲಿ ಈಗ ತಗಡಿನ ದೊಡ್ಡ ಗೋಡೌನು ಇದೆ. ದೊಡ್ಡಮ್ಮನೂ ಹೋಗಿ ಮೂರು ವರ್ಷವಾಯಿತು. ಹಕ್ಕಿ ಫೋಟೋದವರ ವಾಟ್ಸಾಪ್ ಗ್ರೂಪೊಂದರಲ್ಲಿ ನಾನಿದ್ದೇನೆ. ಯಾರಾದರೂ ಗೂಡಿನ ತೀರಾ ಹತ್ತಿರ ಹೋಗಿ ತೆಗೆದದ್ದನ್ನು ಹಾಕಿದರೆ ಅಲ್ಲಿ ಏನೂ ಬರೆಯುವುದಿಲ್ಲ. ಸಂಜೆ ಅವರೊಬ್ಬರಿಗೇ ಫೋನ್ ಮಾಡುತ್ತೇನೆ. ಮೊದಲು ಏನು ಕಾಣಿಸಿತು ಎಂದು ಹೇಳುತ್ತೇನೆ.