ಹಲಗೆ ಮೇಲಿನ ತಾರೀಖು

ಇವತ್ತು ಸುರಪುರದ ನನ್ನ ಕ್ಲಾಸಿನಲ್ಲಿ ಡಸ್ಟರ್ ಬಡಿದೆ. ಸೀಮೆಸುಣ್ಣದ ಧೂಳು ಮೂಗಿಗೆ ಹೊಕ್ಕಿತು, ಮಾದೇವಿ ನೆನಪಾದಳು.

ನಮ್ಮೂರು ಬಳಿಚಕ್ರದ ಶಾಲೆಯಲ್ಲಿ ನಾವಿಬ್ಬರೂ ಒಂಬತ್ತನೇ ಕ್ಲಾಸು. ಅವಳದು ಕೊನೇ ಬೆಂಚು. ಹತ್ತಿ ಬಿಡಿಸೋ ದಿನಗಳಲ್ಲಿ ಶಾಲೆಗೇ ಬರುತ್ತಿರಲಿಲ್ಲ. ಬಂದರೂ ಬಾಯಿ ಬಿಡುತ್ತಿರಲಿಲ್ಲ. ಟೀಚರ್ ಬೈಯಲಿಲ್ಲ. "ದಿನಾ ತಾರೀಖು ನೀನ ಬರೀಬೇಕವ್ವಾ. ಅಲ್ಲೀತನಕ ನಾ ಪಾಠ ಶುರು ಮಾಡಂಗಿಲ್ಲ" ಅಂದರು. ಆಮೇಲೆ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಗೀರು ಬಿದ್ದ ಬೆರಳಲ್ಲೇ ದುಂಡಗೆ ಬರೆಯುತ್ತಿದ್ದಳು.

ಕ್ಲಾಸ್ ಲೀಡರ್ ನಾನು. ಹೊಟ್ಟೆಕಿಚ್ಚಿಗೆ ಒಂದು ದಿನ ಬೇಗ ಬಂದು ತಾರೀಖು ಬರೆದುಬಿಟ್ಟೆ. ಮಾದೇವಿ ಹಲಗೆ ನೋಡಿ, "ಇರ್ಲಿ ಬಿಡು, ನೀನ ಬರಿ" ಅಂದಳು. ಮರುದಿನದಿಂದ ಬರಲಿಲ್ಲ. ಯಾಕಂತ ಟೀಚರ್ ಕೇಳಿದಾಗ "ಗೊತ್ತಿಲ್ರಿ" ಅಂದೆ.

ಇವತ್ತು ಕೊನೇ ಬೆಂಚಿನ ಹುಡುಗಿಗೆ ಸೀಮೆಸುಣ್ಣ ಚಾಚಿ, "ತಾರೀಖು ಬರೀತಿಯೇನವ್ವಾ?" ಅಂದೆ.

ಅವಳು ಮುಖ ಎತ್ತಲಿಲ್ಲ. "ನೀವ ಬರೀರಿ."