ಸಾಚವ್ವನ ಕೈ, ಅವ್ವನ ಹೂಂ

ಮೊದಲು ತಪ್ಪಿದ್ದು ಒಂದು ಕುರಿಮರಿಯ ಕಿವಿ.

ಮುಂಜಾನೆ ನಾನು ಡ್ಯೂಟಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದೆ. ಕಿಟಕಿಯ ಪಕ್ಕದ ಮೇಜಿನಲ್ಲಿ ನನ್ನ ಹೆಂಡತಿ ಸಚಿಕೊ ಪೆನ್ಸಿಲ್ ಗೆರೆಗಳ ಮೇಲೆ ಇಂಕು ತಿದ್ದುತ್ತಿದ್ದಳು. ಕಿವಿಯ ತುದಿಗೆ ಬಂದ ಗೆರೆ ಅಲ್ಲಿ ನಿಲ್ಲಲಿಲ್ಲ. ಪಕ್ಕದ ಚಿತ್ರದ ಚೌಕಕ್ಕೆ ಹಾರಿ, ಅಲ್ಲಿದ್ದ ಹುಡುಗಿಯ ಮುಖವನ್ನು ಸೀಳಿಕೊಂಡು ಹೋಯಿತು. ಅವಳು ತನ್ನ ಬಲಗೈ ನೋಡಿಕೊಂಡಳು. ತೋರುಬೆರಳು ಪೆನ್ನಿನ ಅಡಿಗೆ ಮಡಚಿಕೊಂಡಿತ್ತು. ಎಡಗೈಯಿಂದ ಬಿಡಿಸಿದಳು. ಮತ್ತೆ ಪೆನ್ನು ಹಿಡಿದಳು. ಮತ್ತೆ ಮಡಚಿಕೊಂಡಿತು.

"ಕೈ ಮಾತು ಕೇಳವಲ್ದು," ಅಂದಳು.

ನಾನು ನಕ್ಕೆ. ಜಪಾನಿನ ಹೆಣ್ಣುಮಗಳು ನಮ್ಮ ಕೂಡ್ಲಿಗಿಯ ಮಾತನ್ನು ನನ್ನ ಅವ್ವನಿಂದ ಕಲಿತು ಆಡುವಾಗೆಲ್ಲ ನನಗೆ ನಗು ಬರುತ್ತದೆ. ಅವಳು ನಗಲಿಲ್ಲ.

ಸಚಿಕೊ ಚಿತ್ರಗಳಲ್ಲಿ ಕಥೆ ಬರೆಯುವವಳು. ಅವರ ನಾಡಿನಲ್ಲಿ ಅದಕ್ಕೆ ಮಾಂಗಾ ಎನ್ನುತ್ತಾರೆ. ಅಲ್ಲಿ ಅವಳದು ದೊಡ್ಡ ಹೆಸರು. ಪುಸ್ತಕದಂಗಡಿಗಳಲ್ಲಿ ಅವಳ ಕಥೆಯ ಹುಡುಗಿಯ ಆಳೆತ್ತರದ ಚಿತ್ರ ನಿಲ್ಲಿಸುತ್ತಾರಂತೆ. ಕೂಡ್ಲಿಗಿಯಲ್ಲಿ ಅವಳು ಲೈನ್‌ಮನ್ ಹೆಂಡತಿ. ಅವ್ವನ ಬಾಯಲ್ಲಿ ಸಾಚವ್ವ. ಬೌದ್ಧರ ಒಂದು ಸಮಾವೇಶಕ್ಕೆ ನಾವೆಲ್ಲ ಹೋಗಿದ್ದಾಗ ಅವಳು ಒಂದು ಮೂಲೆಯಲ್ಲಿ ಕೂತು ಜನರ ಮುಖ ಬರೆಯುತ್ತಿದ್ದಳು. ಮೊದಲು ಬರೆದದ್ದು ಅವ್ವನ ಮುಖ, ನನ್ನದು ಆಮೇಲೆ. ಮದುವೆಯಾದ ಮೇಲೆ ತಿಂಗಳಿಗೊಂದು ಅಧ್ಯಾಯವನ್ನು ಇಲ್ಲಿಂದಲೇ ಬರೆದು, ಸ್ಕ್ಯಾನ್ ಮಾಡಿ ಟೋಕಿಯೊದ ಪತ್ರಿಕೆಗೆ ಕಳಿಸುತ್ತಿದ್ದಳು. ಕುರಿ ಕಾಯುವ ಹುಡುಗಿಯ ಕಥೆ. ಗುಡೇಕೋಟೆಯ ಕಲ್ಲುಗುಡ್ಡಗಳನ್ನು ಇದ್ದಹಾಗೇ ಬರೆದಿದ್ದಾಳೆ: ಬಂಡೆಯ ಮೇಲೆ ಬಂಡೆ, ಸಂದಿಯಲ್ಲಿ ಕರಡಿ. ಇಂಥ ಲೋಕವನ್ನು ಹೇಗೆ ಕಲ್ಪಿಸಿಕೊಂಡಿರಿ ಎಂದು ಅಲ್ಲಿಯ ಓದುಗರು ಕೇಳುತ್ತಾರಂತೆ. "ಬಸ್ಸಿನಾಗ ಹೋಗಿ ಕಲ್ಪಿಸಿಕೊಂಡು ಬಂದೆ ಅಂತ ಹೇಳ್ಲೇನು?" ಎಂದು ನನ್ನನ್ನು ಕೇಳುತ್ತಿದ್ದಳು.

ಅವಳ ಕೆಲಸದ ಮೊದಲ ಹಂತಕ್ಕೆ ಅವರು 'ನೇಮು' ಎನ್ನುತ್ತಾರೆ. ಇಡೀ ಅಧ್ಯಾಯವನ್ನು ಚೌಕ ಚೌಕವಾಗಿ ವಿಂಗಡಿಸಿ, ಮುಖಕ್ಕೊಂದು ಸೊನ್ನೆ, ಮೈಗೆರಡು ಗೀರು ಎಳೆದು, ಮಾತು ತುಂಬಿಸಿದ ಕಚ್ಚಾ ಪ್ರತಿ ಅದು. ಕಥೆ ನಿಲ್ಲುವುದೂ ಬೀಳುವುದೂ ಅಲ್ಲೇ. ಆಮೇಲಿನ ಪೆನ್ಸಿಲ್, ಇಂಕು, ನೆರಳು ಎಲ್ಲ ಬರೀ ಗೆಯ್ಮೆ ಎನ್ನುತ್ತಾಳೆ. ಅಲ್ಲಿಯವರು ನೇಮನ್ನು ಸಂಪಾದಕರಿಗೆ ತೋರಿಸುತ್ತಾರೆ. ಇವಳು ಮೊದಲು ಅವ್ವನಿಗೆ ಹೇಳುತ್ತಾಳೆ.

ನಮ್ಮ ಕಡೆ ಕಥೆ ಕೇಳುವವರು ಹೂಂಗುಟ್ಟಬೇಕು. ಹೂಂ ಇಲ್ಲದಿದ್ದರೆ ಹೇಳುವವರು ಮುಂದಕ್ಕೆ ಹೋಗುವುದಿಲ್ಲ. ಅವ್ವ ಮೊರದಲ್ಲಿ ಜೋಳ ಹಾಕಿಕೊಂಡು ಹಸನು ಮಾಡುತ್ತಾ ಕೂರುವಳು. ಸಚಿಕೊ ಹಾಳೆ ಹಿಡಿದು ಒಂದೊಂದೇ ಚೌಕ ಹೇಳುವಳು. "ಹೂಂ." "ಹೂಂ." ಎಲ್ಲಿ ಅವ್ವ ಹೂಂಗುಟ್ಟುವುದನ್ನು ಬಿಟ್ಟು ಜೋಳದಲ್ಲಿ ಕಲ್ಲು ಹುಡುಕತೊಡಗುತ್ತಾಳೋ, ಆ ಪುಟದ ಕಥೆ ಮುಗಿಯಿತು. ಸಚಿಕೊ ವಾದ ಮಾಡುವವಳಲ್ಲ. ಹರಿದು ಮತ್ತೆ ಬರೆಯುತ್ತಿದ್ದಳು. ಅತ್ತೆ ಸೊಸೆ ಇಷ್ಟು ಹೊಂದಿಕೊಂಡದ್ದು ನೋಡಿ ಓಣಿಯವರಿಗೆ ಸ್ವಲ್ಪ ನಿರಾಶೆಯೇ ಆಗಿತ್ತು.

ಕೂಡ್ಲಿಗಿಯ ಡಾಕ್ಟರು ಪೇನ್‌ಕಿಲ್ಲರ್ ಕೊಟ್ಟರು. ನೋವೇ ಇರಲಿಲ್ಲ. ಬಳ್ಳಾರಿಯಲ್ಲಿ ಎಕ್ಸ್‌ರೇ, ನರ್ವ್ ಕಂಡಕ್ಷನ್ ಟೆಸ್ಟ್. ಎಲ್ಲ ನಾರ್ಮಲ್. ಸ್ಪ್ಲಿಂಟ್ ಕಟ್ಟಿ ರೆಸ್ಟ್ ಅಂದರು. ಸ್ಪ್ಲಿಂಟ್ ಬಿಚ್ಚಿದ ದಿನ ಬೆರಳು ಮೊದಲಿಗಿಂತ ಬಿಗಿಯಾಗಿ ಮುರುಟಿಕೊಂಡಿತು. ವಿಚಿತ್ರವೆಂದರೆ ಆ ಕೈ ಬೇರೆ ಯಾವ ಕೆಲಸಕ್ಕೂ ತಕರಾರು ಮಾಡುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೆನ್ನು ಹಿಡಿದರೆ ಮಾತ್ರ ಹೀಗೆ. ಹೊಳಲಿನಿಂದ ಬಂದಿದ್ದ ನನ್ನ ಅಕ್ಕ ಸುಮ್ಮನಿರದೆ ಅಂದೇಬಿಟ್ಟಳು: "ರೊಟ್ಟಿ ಬಡಿಯಾಕ ಬರ್ತೈತಿ, ಚಿತ್ರ ಬರಿಯಾಕ ಬರಂಗಿಲ್ಲಂತ. ಇದೆಂಥಾ ರೋಗಲೇ ತಮ್ಮಾ?"

ಮರುದಿನ ಸಚಿಕೊ ರೊಟ್ಟಿ ಬಡಿಯಲಿಲ್ಲ.

ದಾವಣಗೆರೆಯ ನ್ಯೂರಾಲಜಿಸ್ಟ್ ತಮ್ಮೆದುರೇ ಚಿತ್ರ ಬರೆಸಿದರು. ಬೆರಳು ಮಡಚಿಕೊಳ್ಳುವುದನ್ನು ಬಗ್ಗಿ ನೋಡಿದರು.

"ಫೋಕಲ್ ಡಿಸ್ಟೋನಿಯಾ. ಕೈ ಚೆನ್ನಾಗಿದೆ. ಕೈಗೆ ಆರ್ಡರ್ ಕೊಡೋ ಮೆದುಳಲ್ಲಿ ಗೊಂದಲ ಆಗಿದೆ. ಒಂದೇ ಸೂಕ್ಷ್ಮ ಕೆಲಸವನ್ನ ವರ್ಷಗಟ್ಟಲೆ ಮಾಡಿದವರಿಗೆ ಬರುತ್ತೆ."

"ವಾಸಿ ಆಗ್ತತೇನ್ರಿ?" ನಾನು ಕೇಳಿದೆ.

"ಪೂರ್ತಿ ಅಂತ ಹೇಳಲಾರೆ."

ಪೂರ್ತಿ ಅಂತ ಹೇಳಲಾರೆ.

ತಂತಿ ಸರಿ ಇದೆ, ಬಲ್ಬೂ ಸರಿ ಇದೆ, ಆದರೂ ಬೆಳಕಿಲ್ಲ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಕಂಬ ಹತ್ತಬಲ್ಲೆ. ಇಲ್ಲಿ ಹತ್ತಲು ಕಂಬವೇ ಇರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ನನಗೆ ಅಳು ಬಂತು. ರೋಗಿಯೇ ನನಗೆ ಕರ್ಚೀಫು ಕೊಟ್ಟಳು.

ಬೊಟಾಕ್ಸ್ ಇಂಜೆಕ್ಷನ್ ಕೊಟ್ಟರು. ಬೆರಳು ಮಡಚುವುದು ತಗ್ಗಿತು. ಜೊತೆಗೆ ಬಲವೂ ಹೋಯಿತು. ಚಹಾದ ಲೋಟ ಕೈಜಾರಿ ಬಿತ್ತು. ಅವಳಿಗೆ ಅನಾರೋಗ್ಯ, ಕಥೆ ಸದ್ಯಕ್ಕೆ ನಿಂತಿದೆ ಎಂದು ಪತ್ರಿಕೆಯವರು ಒಂದು ಸಾಲು ಹಾಕಿದರು. ಕಥೆಯ ಹುಡುಗಿ ಮರಿ ಕಳೆದುಕೊಂಡು, ಬಂಡೆಯ ಮೇಲೆ ಒಬ್ಬಳೇ ಉಳಿದಳು. ಅವಳು ಮರಿಯೊಂದಿಗೆ ಕೆಳಗಿಳಿಯುತ್ತಾಳೋ ಇಲ್ಲವೋ ಎಂಬುದು ನನ್ನ ಹೆಂಡತಿಯ ಒಂದು ಬೆರಳಿನ ಮೇಲೆ ನಿಂತಿತ್ತು.

ಬರೆಯಲಾಗದಿದ್ದರೆ ಹೇಳಿಯಾದರೂ ನೋಡೋಣ ಎಂದು ಸಚಿಕೊ ಅವ್ವನ ಮುಂದೆ ಕೂತಳು. ಬಾಯಲ್ಲೇ ಚೌಕ ಕಟ್ಟಿದಳು. ಅವ್ವ ಎಲ್ಲದಕ್ಕೂ ಹೂಂ ಅಂದಳು. ಮರುದಿನವೂ ಹೂಂ. ಜೋಳದ ಕಡೆ ಕಣ್ಣೇ ಇಲ್ಲ. ಸಚಿಕೊಗೆ ಅನುಮಾನ ಬಂತು.

"ಮರಿ ಬಸ್ಸು ಹತ್ತಿ ಕೊಟ್ಟೂರಿಗೆ ಹೋತು," ಅಂದಳು.

"ಹೂಂ."

"ಅಲ್ಲಿ ಮಂಡಕ್ಕಿ ಮಿರ್ಚಿ ತಿಂತು."

"ಹೂಂ."

ಸಚಿಕೊ ಎದ್ದು ಒಳಗೆ ಬಂದಳು. ಪೆನ್ನುಗಳನ್ನೆಲ್ಲ ಒಂದು ಬಟ್ಟೆಯಲ್ಲಿ ಸುತ್ತಿಟ್ಟಳು. "ಡಾಕ್ಟರು ಹೇಳಿದ್ದಕ್ಕ ನಾನು ರೋಗಿ ಆಗಿದ್ದಿಲ್ಲ. ಅತ್ತಿ ಮಾಡಿಬಿಟ್ರು," ಅಂದಳು. ಅಷ್ಟು ದಿನಗಳಲ್ಲಿ ಅವಳು ಅತ್ತದ್ದು ಆಗ.

ನಾನು ಅವ್ವನನ್ನು ಕೇಳಿದೆ: "ಯಾಕವ್ವ ಎಲ್ಲಾದಕ್ಕೂ ಹೂಂ ಅಂತೀ?"

"ಕೈ ಸೋತ ಕೂಸು ಐತಪ್ಪ. ಚಲೋ ಇಲ್ಲ ಅಂತ ಹೆಂಗ ಅನ್ಲಿ? ಬಾಯಿ ಬರಂಗಿಲ್ಲ ನನಗ."

"ಆಕಿಗೆ ಬೇಕಾಗಿದ್ದು ಅದ ಅವ್ವ."

ಪ್ರೀತಿಯನ್ನು ಹೇಗೆ ತಡೆದುಕೊಳ್ಳಬೇಕು ಎಂದು ಆ ವಯಸ್ಸಿನ ಅವ್ವನಿಗೆ ಕಲಿಸಲು ನಾನ್ಯಾರು. ನಾನೂ ಲೋಟ ಎತ್ತಿ ಕೊಡುವುದು, ಗುಂಡಿ ಹಾಕುವುದು, ಬೇಡವೆಂದರೂ ಎಲ್ಲ ಮಾಡುತ್ತಿದ್ದೆ. ಮನೆಯವರೆಲ್ಲ ಸೇರಿ ಅವಳನ್ನು ಗಾಜಿನ ಸಾಮಾನು ಮಾಡಿಟ್ಟಿದ್ದೆವು.

ದಾವಣಗೆರೆಯ ಥೆರಪಿಸ್ಟ್ ಬೇರೆ ದಾರಿ ತೋರಿಸಿದರು. ಮೇಜು ಬಿಡಿ. ನಿಂತು ಬರೆಯಿರಿ. ದೊಡ್ಡದಾಗಿ, ನಿಧಾನವಾಗಿ, ಬೆರಳಿನಿಂದಲ್ಲ, ಭುಜದಿಂದ. ನಾನು ಹಿತ್ತಿಲ ಗೋಡೆಗೆ ಸುಣ್ಣ ಬಳಿದೆ. ಅವಳು ದಪ್ಪ ಕಟ್ಟಿಗೆಗೆ ಬಟ್ಟೆ ಸುತ್ತಿ, ತುದಿಗೆ ಇದ್ದಿಲು ಕಟ್ಟಿಕೊಂಡಳು. ಮೊದಮೊದಲು ಬರೀ ಅಡ್ಡಗೆರೆ, ಸೊನ್ನೆ. ಕೆಲವು ದಿನ ಬೆರಳು ಸುಮ್ಮನಿರುತ್ತಿತ್ತು. ಕೆಲವು ದಿನ ಕಟ್ಟಿಗೆ ಮುಟ್ಟಿದರೆ ಸಾಕು, ಮುನಿಸಿಕೊಂಡ ಮಗುವಿನ ಹಾಗೆ ಒಳಗೆ ಸೇರಿಕೊಳ್ಳುತ್ತಿತ್ತು. ಹಳೆಯ ಸಪೂರ ಗೆರೆ ತಿರುಗಿ ಬರಲಿಲ್ಲ. ಬಂದದ್ದು ದಪ್ಪ, ನಡುಗುವ, ಒರಟು ಗೆರೆ. ಗೋಡೆಯ ಫೋಟೋ ನೋಡಿದ ಟೋಕಿಯೊದ ಸಂಪಾದಕರು, ಇದು ಬೇರೆ ಕೈ, ಆದರೂ ಒಂದು ನೇಮು ಕಳಿಸಿ, ನೋಡೋಣ ಅಂದರಂತೆ.

ವಾಸಿಯಾಯಿತು ಎಂದು ನಾನು ಬರೆಯುತ್ತಿಲ್ಲ. ಇಂಜೆಕ್ಷನ್ ಮತ್ತೆ ಬೇಕಾಗಬಹುದು. ಸಂಪಾದಕರು ಬೇಡ ಎನ್ನಲೂಬಹುದು. ಆದರೆ ಹೋದ ವಾರ ಹಿತ್ತಿಲಲ್ಲಿ ನಡೆದದ್ದನ್ನು ಹೇಳಲೇಬೇಕು.

ಮುಂಜಾನೆ. ಗೋಡೆಯ ಮೇಲೆ ದೊಡ್ಡ ದೊಡ್ಡ ಚೌಕಗಳು. ಅವ್ವ ಮೊರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಬೂಟು ಹಾಕಿಕೊಳ್ಳುತ್ತಿದ್ದೆ.

"ಹುಡುಗಿ ಕಲ್ಲಿನ ಮ್ಯಾಲ ಕುಂತಾಳ. ಅಳಾಕತ್ತಾಳ," ಅಂದಳು ಸಚಿಕೊ.

"ಹೂಂ."

"ಇಲ್ಲಿ ಮಾರಿ ಮುಚ್ಚಿಕೊಂಡು ಅಳಾಕತ್ತಾಳ."

"ಹೂಂ." ದನಿ ಸಣ್ಣದಾಯಿತು.

"ಇಲ್ಲಿ ಹೊತ್ತು ಮುಳುಗೈತಿ. ಇನ್ನೂ ಅಳಾಕತ್ತಾಳ."

ಅವ್ವ ಹೂಂ ಅನ್ನಲಿಲ್ಲ.

ಜೋಳದಿಂದ ಒಂದು ಕಲ್ಲು ಆರಿಸಿ ಎಸೆದಳು. ಇನ್ನೊಂದು ಹುಡುಕಿದಳು. ಬೂಟಿನ ಲೇಸು ನನ್ನ ಕೈಯಲ್ಲೇ ಉಳಿಯಿತು. ಅವ್ವನ ಕಣ್ಣು ತುಂಬಿತ್ತು, ಆದರೂ ತಲೆ ಎತ್ತಲಿಲ್ಲ.

"ಎಷ್ಟೊತ್ತು ಅಳ್ತಾಳವಾ ಆಕಿ?" ಅಂದಳು ಕೊನೆಗೆ. "ಅತ್ರ ಮರಿ ಬರ್ತೈತೇನು? ಕುರಿ ಕಾಯಾಕಿ ಹಂಗ ಕುಂದ್ರಂಗಿಲ್ಲ. ಕೂಗಿ ಕರೀತಾಳ."

ಸಚಿಕೊ ಗೋಡೆಯನ್ನೇ ನೋಡುತ್ತಾ ನಿಂತಳು. ಆಮೇಲೆ ನಕ್ಕಳು. ಕಾಯಿಲೆ ಬಂದ ಮೇಲೆ ನಾನು ಕೇಳದ, ಬಾಯಿ ತುಂಬಿದ ನಗು. ಒದ್ದೆ ಬಟ್ಟೆ ತಂದು ಮೂರೂ ಚೌಕಗಳನ್ನು ಒರೆಸಿಹಾಕಿದಳು. ಕಟ್ಟಿಗೆ ಹಿಡಿದಳು. ಬೆರಳು ಮಡಚತೊಡಗಿತು. ಬಿಟ್ಟಳು, ಕಾದಳು, ಮತ್ತೆ ಹಿಡಿದಳು. ಭುಜದಿಂದ ಎಳೆದು ಒಂದು ದೊಡ್ಡ ಮುಖ, ಅದರೊಳಗೆ ಅಗಲವಾಗಿ ತೆರೆದ ಬಾಯಿ ಬರೆದಳು. ಗೆರೆ ನಡುಗಿತ್ತು. ಕೂಗುವವಳ ಬಾಯಿ ನಡುಗಿದಂತೆಯೇ ಕಾಣುತ್ತಿತ್ತು.

"ಈಗ ಕೂಗ್ಯಾಳ ಅತ್ತಿ."

ಅವ್ವ ತಲೆ ಎತ್ತಿ ನೋಡಿದಳು. ಆತುರಪಡಲಿಲ್ಲ. ನಾವಿಬ್ಬರೂ ಕಾದೆವು.

"ಹೂಂ," ಅಂದಳು.