ನಗು ನೋಡಲು ಹೋದದ್ದು

ತೊಂಬತ್ತರ ದಶಕದ ಆರಂಭದಲ್ಲಿ, ನನಗೆ ಇಪ್ಪತ್ತೇಳಾದಾಗ, ಇಡೀ ಹುಬ್ಬಳ್ಳಿ-ಧಾರವಾಡದಲ್ಲಿ ಹಾಸ್ಯ ಅರ್ಥವಾಗುವ ಮನುಷ್ಯ ನಾನೊಬ್ಬನೇ ಎಂದು ನಂಬಿದ್ದೆ. ನನ್ನ ಬಳಿ ಹಳೆಯ ಮೂಕಿ ಹಾಸ್ಯಚಿತ್ರಗಳ ಕ್ಯಾಸೆಟ್‌ಗಳಿದ್ದವು. ಅವನ್ನು ನೋಡಿ ನಗದವರೊಡನೆ ಚಹಾ ಕುಡಿಯುವುದೂ ದಂಡ ಎನ್ನುತ್ತಿದ್ದೆ. ಸಂಸಾರ ಮಾಡುವುದಂತೂ ದೂರದ ಮಾತು.

ಹಾಗಾಗಿ ಅಮ್ಮಿನಬಾವಿಗೆ ಕನ್ಯಾ ನೋಡಲು ಹೊರಟಾಗ ಬಾಡಿಗೆಯ ವಿಸಿಆರ್ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿ ಅವ್ವ, ಹೂವು-ಹಣ್ಣಿನ ಚೀಲ ಹಿಡಿದು, ನನ್ನ ಗುರುತೇ ಇಲ್ಲದವಳಂತೆ ಕಿಟಕಿಯಾಚೆ ನೋಡುತ್ತಿದ್ದಳು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳುವ ಪದ್ಧತಿ ನನಗೆ ಅಸಹ್ಯ. ನಾನು ಸುಧಾರಿಸಿದವನು. ನನ್ನದು ಒಂದೇ ಪರೀಕ್ಷೆ: ಅವಳು ನಗಬೇಕು, ನಗಬೇಕಾದ ಜಾಗದಲ್ಲೇ ನಗಬೇಕು.

ಅವಲಕ್ಕಿ ತಿಂದಾದ ಮೇಲೆ ಅವರ ಟಿವಿಯ ಕಸೂತಿ ಮುಸುಕು ಸರಿಸಿ ವೈರು ಜೋಡಿಸಿದೆ. ಪರದೆಯ ಮೇಲೆ ತಟ್ಟೆಗಳ ರಾಶಿ ಹೊತ್ತ ಹೋಟೆಲ್ ಮಾಣಿ ಜಾರುತ್ತಾನೆ, ಸಾವರಿಸಿಕೊಳ್ಳುತ್ತಾನೆ, ಬಚಾವಾದ ಎನ್ನುವಾಗ ಬೀಳುತ್ತಾನೆ. ಯಾರೂ ನಗಲಿಲ್ಲ. ಹುಡುಗಿ ತುಟಿ ಬಿಗಿಹಿಡಿದು ಕೂತಿದ್ದಳು. ನಾನು ಎದ್ದು ನಿಂತು, ಅವನು ತಡವಾಗಿ ಬೀಳುವುದರಲ್ಲೇ ಸ್ವಾರಸ್ಯವಿರುವುದೆಂದು ವಿವರಿಸಿ, ಕ್ಯಾಸೆಟ್ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದೆ. ಮೂರನೇ ಸಲಕ್ಕೆ ಹುಡುಗಿಯ ಅಜ್ಜಿ ತಡೆಯಲಾರದೆ ಕೇಳಿದಳು:

"ಪಾಪ, ಒಮ್ಮೆ ಬಿದ್ದಾವನ್ನ ಮತ್ತ ಮತ್ತ ಯಾಕ ಬೀಳಸ್ತೀರಿ?"

ಬರುವಾಗ ಬಸ್ಸಿನಲ್ಲಿ, ಹುಡುಗಿಗೆ ಹಾಸ್ಯದ ಗಂಧವೇ ಇಲ್ಲ ಎಂದು ತೀರ್ಪು ಕೊಟ್ಟೆ. ನಿನ್ನ ಮಾತಿಗೆ ನಾನಾದರೂ ಯಾವತ್ತು ನಕ್ಕಿದ್ದೇನೆ, ಆದರೂ ನಿನ್ನನ್ನು ಸಾಕಿ ಬೆಳೆಸಿಲ್ಲವೇ ಎಂದಳು ಅವ್ವ. ಖರೇ ಹೇಳಬೇಕೆಂದರೆ ಹುಡುಗಿ ನನಗೆ ಬಹಳ ಹಿಡಿಸಿದ್ದಳು. ತತ್ವ ಬದಿಗಿಟ್ಟು ಹೂಂ ಅಂದೆ. ಅವರ ಮನೆಯವರೂ ಒಪ್ಪಿದರು. ಯಾಕೆ ಒಪ್ಪಿದರೋ ಈಗಲೂ ತಿಳಿದಿಲ್ಲ.

ಮದುವೆಯಾಗಿ ಹುಬ್ಬಳ್ಳಿಯ ದೇಶಪಾಂಡೆ ನಗರದ ನಮ್ಮ ಮನೆಗೆ ಅವಳು ಬಂದು ತಿಂಗಳಾದ ಮೇಲೆ, ಅವತ್ತು ಯಾಕೆ ನಗಲಿಲ್ಲ ಎಂದು ಹೆಂಡತಿಯನ್ನು ಕೇಳಿಯೇ ಬಿಟ್ಟೆ. ಮೆಂತ್ಯಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದವಳು ತಲೆ ಎತ್ತಲಿಲ್ಲ.

"ನಗಿ ಬಂದಿತ್ತರಿ. ಆದ್ರ ನೀವು ಸಿನಿಮಾ ಎಲ್ಲಿ ನೋಡಿದ್ರಿ? ಸಂತ್ಯಾಗ ಎತ್ತಿನ ಹಲ್ಲು ನೋಡಿದಂಗ ನನ್ನ ಬಾಯಿ ನೋಡಕೋತ ಕುಂತಿದ್ರಿ. ಹೆಂಗ ನಗಬೇಕು?"

ನಾಚಿಕೆಯಾಯಿತು. ಮಣೆ ತೆಗೆದು ಅಲ್ಲಿ ವಿಸಿಆರ್ ಇಟ್ಟಿದ್ದೆ, ಅಷ್ಟೇ ನನ್ನ ಸುಧಾರಣೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಆಮೇಲೂ ವರ್ಷಗಟ್ಟಲೆ ಪಕ್ಕದಲ್ಲಿ ಕೂತು "ಈಗ ನೋಡು, ಈಗ" ಎನ್ನುತ್ತಲೇ ಇದ್ದೆ. ಅವಳು ಆಕಳಿಸುತ್ತಿದ್ದಳು. ಅವಳನ್ನು ಒಮ್ಮೆಯೂ ನಗಿಸಲಾಗಲಿಲ್ಲವಲ್ಲ ಎಂಬ ಸಂಕಟ ಮಾತ್ರ ನನ್ನೊಳಗೆ ಉಳಿಯಿತು.

ಕ್ಯಾಸೆಟ್ ಹೋಗಿ ಸಿಡಿ ಬಂದ ಕಾಲ. ಒಂದು ಭಾನುವಾರ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಹೊರಕೋಣೆಯಲ್ಲಿ ಅವಳೊಬ್ಬಳೇ ಅದೇ ಚಿತ್ರ ಹಾಕಿಕೊಂಡಿದ್ದಳು. ಇದ್ದಕ್ಕಿದ್ದಂತೆ ನಕ್ಕಳು, ಉಸಿರು ಸಿಗದಷ್ಟು. ಚಿತ್ರದ ಹಿನ್ನೆಲೆಯ ಪಿಯಾನೋ ಕೇಳಿಯೇ ದೃಶ್ಯ ಗೊತ್ತಾಯಿತು: ಬೀಳುವ ಮುಂಚೆ ಮಾಣಿ ಕನ್ನಡಿಯ ಮುಂದೆ ಸುಮ್ಮನೆ ತಲೆ ಬಾಚಿಕೊಳ್ಳುವುದು. ನನ್ನ ಪ್ರಕಾರ ಅಲ್ಲಿ ನಗುವಂಥದ್ದು ಏನೂ ಇಲ್ಲ.

ಯಾಕೆಂದು ಕೇಳಲು ಹೊಸ್ತಿಲವರೆಗೆ ಓಡಿದೆ. ನನ್ನ ಮುಖ ಕಂಡರೆ ಆ ನಗು ನಿಲ್ಲುತ್ತದೆ ಎಂದು ಹೊಳೆದು ಅಲ್ಲಿಂದಲೇ ಹಿಂದೆ ಸರಿದೆ. ಸಿನಿಮಾ ಮುಗಿಯುವ ತನಕ ಅಡುಗೆಮನೆಯಲ್ಲೇ ಕೂತು, ಮನೆಯಲ್ಲಿದ್ದ ಬೆಳ್ಳುಳ್ಳಿಯನ್ನೆಲ್ಲಾ ಸುಲಿದೆ.